ಗೇರುಸೊಪ್ಪೆಯ ಮೆಣಸು, ಲಿಸ್ಬನ್ನಿನ ಕಡತ

1637ರ ಆರಂಭದಲ್ಲಿ ಭಟ್ಕಳದ ಬಂದರಿಗೆ ಇಂಗ್ಲಿಷರ ಹಡಗುಗಳ ದಂಡೊಂದು ಬಂದು ಲಂಗರು ಹಾಕಿತು. ದಂಡಿನ ನಾಯಕ ಕ್ಯಾಪ್ಟನ್ ಜಾನ್ ವೆಡೆಲ್. ಹಿಂದಿನ ವರ್ಷದ ಏಪ್ರಿಲ್ ತಿಂಗಳಲ್ಲಿ ಇಂಗ್ಲೆಂಡ್ ಬಿಟ್ಟಿದ್ದ ಈ ಹಡಗುಗಳು ಸೂರತ್ತಿನಲ್ಲಿ ಬೇರುಬಿಟ್ಟಿದ್ದ ಈಸ್ಟ್ ಇಂಡಿಯಾ ಕಂಪನಿಯವಲ್ಲ. ಆ ಕಂಪನಿಗೆ ಪೈಪೋಟಿಯಾಗಿ ಸರ್ ವಿಲಿಯಂ ಕೋರ್ಟೀನ್ ಎಂಬ ಲಂಡನ್ ಸಾಹುಕಾರ ಕಟ್ಟಿದ ಕೂಟದವು. ರಾಜ ಒಂದನೇ ಚಾರ್ಲ್ಸ್ ಅದಕ್ಕೆ ಪರವಾನಗಿ ಕೊಟ್ಟದ್ದಷ್ಟೇ ಅಲ್ಲ, ಲಾಭದಲ್ಲಿ ತನ್ನ ಪಾಲನ್ನೂ ಬರೆಸಿಕೊಂಡಿದ್ದ. ಘಟ್ಟದ ಮೇಲೆ ಇಕ್ಕೇರಿಯಲ್ಲಿ ವೀರಭದ್ರ ನಾಯಕ ಆಳುತ್ತಿದ್ದ. ಭಟ್ಕಳದಲ್ಲಿ ಕೋಠಿ ತೆರೆಯಲು ಈ ಹೊಸಬರಿಗೆ ಅವನು ಒಪ್ಪಿಗೆ ಕೊಟ್ಟ. ಆಗ ಹೊನ್ನಾವರದ ಕೋಟೆ ಪೋರ್ಚುಗೀಸರ ಕೈಯಲ್ಲಿತ್ತು. ಅದಕ್ಕೂ ಉತ್ತರದಲ್ಲಿ, ಗೋವೆಯ ಬಾಯಿಗೆ ಅಡ್ಡಲಾಗಿ ಡಚ್ಚರ ಹಡಗುಗಳು ದಿಗ್ಬಂಧನ ಹಾಕಿ ನಿಂತಿದ್ದವು.

ಹೀಗೆ ಒಂದೇ ಋತುವಿನಲ್ಲಿ ಯುರೋಪಿನ ಮೂರು ಶಕ್ತಿಗಳು ಭಟ್ಕಳ, ಹೊನ್ನಾವರ, ಕುಮಟೆ ಎಂಬ ನಮ್ಮ ಮೂರು ತಾಲೂಕುಗಳ ಕಡಲಿನಲ್ಲೂ ಅದರ ನೆರೆಯಲ್ಲೂ ಒಬ್ಬರನ್ನೊಬ್ಬರು ಕಾಯುತ್ತಿದ್ದವು. ಇಂಗ್ಲಿಷರಂತೂ ತಮ್ಮೊಳಗೇ ಎರಡು ಪಾಲಾಗಿದ್ದರು. ಮಹಾಶಕ್ತಿಗಳ ಪೈಪೋಟಿ ಎಂದೊಡನೆ ನಮ್ಮ ಮನಸ್ಸು ಅಮೆರಿಕ, ರಷ್ಯ, ಚೀನಗಳತ್ತ ಓಡುತ್ತದೆ. ಕ್ಯೂಬಾ, ವಿಯೆಟ್ನಾಂ, ಅಫ್ಘಾನಿಸ್ತಾನಗಳು ನೆನಪಾಗುತ್ತವೆ. ಭಟ್ಕಳ, ಹೊನ್ನಾವರ, ಕುಮಟೆ ನೆನಪಾಗುವುದಿಲ್ಲ. ಆದರೆ ದೊಡ್ಡ ರಾಜ್ಯಗಳ ಜಿದ್ದು ಸಣ್ಣ ನಾಡೊಂದರ ಬದುಕನ್ನು ಹೇಗೆ ಅಲುಗಾಡಿಸುತ್ತದೆ, ಆ ಸಣ್ಣ ನಾಡು ಅದಕ್ಕೆ ಹೇಗೆ ಎದುರಾಡುತ್ತದೆ ಎಂಬುದನ್ನು ಸರಕಾರಿ ಕಾಗದಗಳಿಂದಲೇ ಕಲಿಯಬೇಕೆಂದಿರುವವರಿಗೆ ಈ ಕರಾವಳಿಗಿಂತ ಒಳ್ಳೆಯ ಪಾಠಶಾಲೆ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಮೂರು ಶತಮಾನಗಳ ಕಾಲ ಇಲ್ಲಿಗೆ ಬಂದವರೆಲ್ಲ ಬರೆದಿಟ್ಟರು. ತಮ್ಮ ಮೇಲಿನವರಿಗೆ ವರದಿ ಒಪ್ಪಿಸಲು ಬರೆದರು, ಲೆಕ್ಕ ಕೊಡಲು ಬರೆದರು, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲು ಬರೆದರು.

1637ರ ಭಟ್ಕಳವನ್ನೇ ತೆಗೆದುಕೊಳ್ಳಿ. ಸೂರತ್ತಿನ ಕಂಪನಿ ನೌಕರರು ಲಂಡನ್ನಿಗೆ ಬರೆದ ಪತ್ರಗಳಿವೆ. ವಿಲಿಯಂ ಫಾಸ್ಟರ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅವುಗಳ ಸಾರವನ್ನು ಹದಿಮೂರು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಅವುಗಳಲ್ಲಿ ಕೋರ್ಟೀನನ ಕಡೆಯವರು ತಮ್ಮ ಹೊಟ್ಟೆಯ ಮೇಲೆ ಹೊಡೆಯಲು ಬಂದ ನುಸುಳುಕೋರರು. ಗೋವೆಯ ವೈಸರಾಯ್ ಮ್ಯಾಡ್ರಿಡ್ಡಿನಲ್ಲಿದ್ದ ರಾಜನಿಗೆ ಬರೆದ ಪತ್ರಗಳಿವೆ. ಆಗ ಪೋರ್ಚುಗಲ್ಲನ್ನೂ ಸ್ಪೇನಿನ ದೊರೆಯೇ ಆಳುತ್ತಿದ್ದ. ಡಚ್ಚರು ಬಟಾವಿಯಾದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, ಏಷ್ಯಾದ ಮೂಲೆಮೂಲೆಯ ಸುದ್ದಿಯನ್ನು ದಾಖಲಿಸುತ್ತಿದ್ದ ದಿನಚರಿ ಇದೆ; 1637ರ ಸಂಪುಟ ಉಳಿದು ಅಚ್ಚಾಗಿದೆ. ಇವೆಲ್ಲದರ ಜೊತೆಗೆ ವೆಡೆಲನ ದಂಡಿನಲ್ಲೇ ಇದ್ದ ಪೀಟರ್ ಮಂಡಿ ಎಂಬ ವರ್ತಕನ ಸ್ವಂತ ಬರಹವಿದೆ. ಭಟ್ಕಳದಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿಬಂದ ಅವನು ಕಂಡದ್ದನ್ನು ಬರೆದ, ಚಿತ್ರವನ್ನೂ ಬಿಡಿಸಿದ. ಅವನ ಹಸ್ತಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ.

ಒಂದು ಬಂದರು, ಒಂದು ವರ್ಷ, ನಾಲ್ಕು ಬಗೆಯ ದಾಖಲೆ. ಯಾವುದನ್ನು ನಂಬುವುದು? ಯಾವುದನ್ನೂ ಒಂಟಿಯಾಗಿ ನಂಬಬಾರದು. ಸೂರತ್ತಿನವನಿಗೆ ಪೈಪೋಟಿಗಾರನನ್ನು ಹಳಿಯುವ ಅಗತ್ಯವಿತ್ತು. ಗೋವೆಯವನಿಗೆ ಮೆಣಸು ಕೈತಪ್ಪಿದ್ದು ತನ್ನ ದೋಷದಿಂದಲ್ಲ ಎಂದು ತೋರಿಸಬೇಕಿತ್ತು. ಬಟಾವಿಯಾದ ಗುಮಾಸ್ತನಿಗೆ ಶತ್ರುವಿನ ಬಲ ಎಷ್ಟೆಂಬುದು ಬೇಕಿತ್ತು. ಭಟ್ಕಳದ ಜನ ಹೇಗಿದ್ದಾರೆ ಎಂಬುದು ಬೇಕಿರಲಿಲ್ಲ. ಪರಸ್ಪರ ದ್ವೇಷಿಸುವ ಈ ಜನ ಯಾವ ಮಾತಿನಲ್ಲಿ ಒಮ್ಮತಕ್ಕೆ ಬರುತ್ತಾರೋ ಅಲ್ಲಿ ಇತಿಹಾಸಕಾರ ಕಾಲೂರಬಹುದು. ಈ ಬಗೆಯ ಸಂಶೋಧನೆಯ ಮೊದಲ ಪಾಠ ಅದೇ.

ತಾರೀಕಿನ ಪೇಚಾಟವನ್ನೂ ಇಲ್ಲೇ ಹೇಳಬೇಕು. ಪೋರ್ಚುಗೀಸರು 1582ರಲ್ಲೇ ಹೊಸ ಪಂಚಾಂಗಕ್ಕೆ ಬದಲಾಗಿದ್ದರು. ಇಂಗ್ಲಿಷರು 1752ರವರೆಗೆ ಹಳೆಯದನ್ನೇ ಹಿಡಿದಿದ್ದರು. ಹದಿನೇಳನೇ ಶತಮಾನದಲ್ಲಿ ಇಬ್ಬರ ನಡುವೆ ಹತ್ತು ದಿನಗಳ ಅಂತರ. ಸಾಲದ್ದಕ್ಕೆ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಹಾಗಾಗಿ ವೆಡೆಲನ ಹಡಗುಗಳು ಭಟ್ಕಳಕ್ಕೆ ಬಂದ ದಿನಗಳು ಪೋರ್ಚುಗೀಸ್ ಕಾಗದದಲ್ಲಿ 1637 ಆದರೆ ಇಂಗ್ಲಿಷ್ ಕಾಗದದಲ್ಲಿ ಇನ್ನೂ 1636. ಇದನ್ನು ಅರಿಯದೆ ಓದಿದವರು ಒಂದು ಘಟನೆಯನ್ನು ಎರಡು ಮಾಡುತ್ತಾರೆ, ಇಲ್ಲವೇ ಉತ್ತರ ಬಂದ ಮೇಲೆ ಪತ್ರ ಬರೆಸುತ್ತಾರೆ. ಊರ ಹೆಸರುಗಳದೂ ಇದೇ ತೊಡಕು. ಹೊನ್ನಾವರ ‘ಓನೋರ್’ ಆಗಿರುತ್ತದೆ, ಭಟ್ಕಳ ‘ಬಾತೆಕಲಾ’, ಮಿರ್ಜಾನ್ ‘ಮಿರ್ಜೆಯೋ’.

ಆ ಕೋಠಿ ಬಾಳಲಿಲ್ಲ. 1637 ಮತ್ತು 1638ರ ತಾರೀಕು ಕೆತ್ತಿದ ಇಂಗ್ಲಿಷರ ಸಮಾಧಿಕಲ್ಲುಗಳು ಭಟ್ಕಳದಲ್ಲಿ ಇದ್ದುದನ್ನು 1883ರ ಕೆನರಾ ಗೆಜೆಟಿಯರ್ ದಾಖಲಿಸಿದೆ. ಮೆಣಸಿಗೆಂದು ಭೂಮಿಯ ಆಚೆಯಿಂದ ಬಂದ ವರ್ತಕರು ಇಲ್ಲಿಯ ಮಣ್ಣಿನಲ್ಲೇ ಉಳಿದರು.

ಅಕ್ಕಿ, ಕುದುರೆ, ಮೆಣಸು

ಕತೆ ಶುರುವಾದದ್ದು ಇದಕ್ಕೂ ನೂರಮೂವತ್ತೈದು ವರ್ಷ ಹಿಂದೆ. 1494ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ತೊರ್ದೆಸಿಯಾಸ್ ಎಂಬ ಊರಿನಲ್ಲಿ ಕೂತು ಇಡೀ ಜಗತ್ತನ್ನು ತಮ್ಮೊಳಗೆ ಹಂಚಿಕೊಂಡವು. ನಮ್ಮ ಕಡಲು ಪೋರ್ಚುಗಲ್ಲಿನ ಪಾಲಿಗೆ ಬಿತ್ತು. ಭಟ್ಕಳದವರನ್ನು ಯಾರೂ ಕೇಳಲಿಲ್ಲ. 1502ರಲ್ಲಿ ವಾಸ್ಕೋ ಡ ಗಾಮ ಎರಡನೇ ಬಾರಿ ಬಂದಾಗ ಭಟ್ಕಳದ ಮೇಲೆ ಬಿದ್ದು ಕಪ್ಪ ಕೇಳಿದ. ಆ ಕಪ್ಪ ಚಿನ್ನವಲ್ಲ, ಮೆಣಸೂ ಅಲ್ಲ, ಅಕ್ಕಿ. ಪೋರ್ಚುಗೀಸ್ ಚರಿತ್ರೆಕಾರ ಗಾಸ್ಪರ್ ಕೊರೆಯಾ ಬರೆದಂತೆ ವರ್ಷಕ್ಕೆ ಸಾವಿರ ಹೊರೆ ಸಾಮಾನ್ಯ ಅಕ್ಕಿ ಆಳುಗಳಿಗೆ, ಐನೂರು ಹೊರೆ ಒಳ್ಳೆಯ ಅಕ್ಕಿ ಕ್ಯಾಪ್ಟನ್ನರಿಗೆ. ಕೊರೆಯಾ ಗಾಮನ ಜೊತೆ ಇದ್ದವನಲ್ಲ, ದಶಕಗಳ ಮೇಲೆ ಬರೆದವನು. ಅವನ ಅಂಕಿಗಳನ್ನು ಎಚ್ಚರದಿಂದಲೇ ನೋಡಬೇಕು. ಆದರೆ ಅಕ್ಕಿಯ ಮಾತು ಮಾತ್ರ ಸಂಶಯವಿಲ್ಲದ ನಿಜ. ಮುಂದಿನ ಇನ್ನೂರು ವರ್ಷ ಗೋವೆ ಉಂಡದ್ದು ಬಹುಮಟ್ಟಿಗೆ ಕೆನರಾದ ಅಕ್ಕಿಯನ್ನು. ಮಸ್ಕತ್ತು, ಹೊರ್ಮುಜ್‌ಗಳಿಗೂ ಅದು ಹೋಗುತ್ತಿತ್ತು. ಪಾಠ್ಯಪುಸ್ತಕಗಳು ಮೆಣಸಿನ ಕತೆಯನ್ನಷ್ಟೇ ಹೇಳುತ್ತವೆ. ಕಾಗದಗಳನ್ನು ತೆರೆದರೆ ಪುಟಪುಟಕ್ಕೂ ಅಕ್ಕಿ ಸಿಗುತ್ತದೆ. ಮೆಣಸು ಲಾಭದ ಮಾತಾದರೆ ಅಕ್ಕಿ ಪ್ರಾಣದ ಮಾತು. ಘಟ್ಟದ ಕೆಳಗಿನ ಅರಸರಿಗೆ ಇದು ಚೆನ್ನಾಗಿ ತಿಳಿದಿತ್ತು.

ಕುದುರೆಯ ಕತೆಯೂ ಭಟ್ಕಳದ್ದೇ. ಅರಬ್ ದೇಶದ ಕುದುರೆಗಳು ಈ ಬಂದರಿನಲ್ಲಿ ಇಳಿದು ವಿಜಯನಗರಕ್ಕೆ ಹೋಗುತ್ತಿದ್ದವು. ಇಲ್ಲಿಯ ನವಾಯತ ವರ್ತಕರ ವ್ಯವಹಾರ ಕೊಲ್ಲಿಯವರೆಗೂ ಚಾಚಿತ್ತು. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ವಿಜಯನಗರದ ಕೃಷ್ಣದೇವರಾಯನ ಬಳಿಗೆ ದೂತನನ್ನು ಕಳಿಸಿ ಭಟ್ಕಳದಲ್ಲಿ ಕೋಟೆ ಕಟ್ಟಲು ಜಾಗ ಕೇಳಿಸಿದ. ಅದೇ ವರ್ಷ, ಹೊನ್ನಾವರದ ತಿಮ್ಮೋಜನ ಸಲಹೆ ಮತ್ತು ನೆರವಿನಿಂದ, ಗೋವೆಯೇ ಅವನ ಕೈಗೆ ಬಂತು. ಬಿಜಾಪುರದ ಬಂದರನ್ನು ಪೋರ್ಚುಗೀಸರಿಂದ ಹೊಡೆಸಿದರೆ ತನಗೆ ಲಾಭವೆಂದು ಲೆಕ್ಕ ಹಾಕಿದ ತಿಮ್ಮೋಜ ಸಾಮಾನ್ಯನಲ್ಲ. ಆದರೆ ಆ ಲೆಕ್ಕದ ಬೆಲೆಯನ್ನು ಈ ಕರಾವಳಿಯೇ ತೆತ್ತಿತು. ಗೋವೆ ಕೈಸೇರಿದ ಮೇಲೆ ಪೋರ್ಚುಗೀಸರು ಕುದುರೆ ಹಡಗುಗಳನ್ನೆಲ್ಲ ಅಲ್ಲಿಗೇ ತಿರುಗಿಸಿದರು. ಭಟ್ಕಳದ ಸಿರಿ ಇಳಿಯತೊಡಗಿತು.

1542ರಲ್ಲಿ ಗವರ್ನರ್ ಮಾರ್ತಿಂ ಅಫೊನ್ಸೊ ಡ ಸೌಜ ಭಟ್ಕಳವನ್ನು ಸುಟ್ಟ. 1548ರಲ್ಲಿ ಭಟ್ಕಳದ ರಾಣಿಯ ಜೊತೆ ಒಪ್ಪಂದವಾಯಿತು. ಕಡಲುಗಳ್ಳರಿಗೆ ಆಸರೆ ಕೊಡಬಾರದು, ತಮ್ಮ ಅಪ್ಪಣೆಯಿಲ್ಲದೆ ಮೆಣಸು ಹೊರಗೆ ಹೋಗಬಾರದು ಎಂಬ ಕರಾರು. ಸಿಮಾವೊ ಬೊತೆಲ್ಹೊ ಎಂಬ ಅಧಿಕಾರಿ 1554ರಲ್ಲಿ ಸಿದ್ಧಪಡಿಸಿದ ‘ತೊಂಬೊ’ ಎಂಬ ಆದಾಯದ ದಫ್ತರದಲ್ಲಿ ಇಂಥ ಕರಾರುಗಳು ನಕಲಾಗಿ ಉಳಿದಿವೆ. ಮೇಲ್ನೋಟಕ್ಕೆ ಇವು ಸೋತವರ ಶರಣಾಗತಿಯಂತೆ ಕಾಣುತ್ತವೆ. ಆದರೆ ಮೆಣಸು ಹೊರಗೆ ಹೋಗಕೂಡದೆಂಬ ಅದೇ ಮಾತು ಮುಂದಿನ ಪತ್ರಗಳಲ್ಲಿ, ದೂರುಗಳಲ್ಲಿ, ಹೊಸ ಕರಾರುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು ನಿಷೇಧವನ್ನು ಅಷ್ಟು ಸಲ ಬರೆಯಬೇಕಾಯಿತೆಂದರೆ ಅದು ಅಷ್ಟು ಸಲವೂ ಮುರಿದುಬಿದ್ದಿತ್ತು. ಶರಾವತಿಯ ಬಾಯಿಯಿಂದ, ಅಘನಾಶಿನಿಯ ಬಾಯಿಯಿಂದ ಮೆಣಸು ಹೊರಡುತ್ತಲೇ ಇತ್ತು; ಕೆಂಪು ಸಮುದ್ರಕ್ಕೂ ಹೋಗುತ್ತಿತ್ತು. ಸರಕಾರಿ ಕಾಗದವನ್ನು ಓದುವವರು ಅದರ ಆಜ್ಞೆಗಳಿಗಿಂತ ಹೆಚ್ಚಾಗಿ ಅದರ ಗೊಣಗಾಟಕ್ಕೆ ಕಿವಿಗೊಡಬೇಕು.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈಗ ಜನರ ಬಾಯಲ್ಲಿದೆ, ಅದು ಸಂತೋಷದ ಸಂಗತಿ. ‘ಮೆಣಸಿನ ರಾಣಿ’ ಎಂಬ ಬಿರುದಿಗೇ ನಿಂತುಬಿಡುವ ನಾವು ಆಕೆಯ ರಾಜಕಾರಣವನ್ನು ಕಾಣುವುದು ಕಡಿಮೆ. 1569ರಲ್ಲಿ ವೈಸರಾಯ್ ಲೂಯಿಸ್ ಡ ಅತಾಯ್ದೆ ಹೊನ್ನಾವರವನ್ನು ಹಿಡಿದು ಕೋಟೆ ಕಟ್ಟಿಸಿದ. ಮರುವರ್ಷವೇ ಬಿಜಾಪುರ, ಅಹಮದ್‌ನಗರ, ಕಲ್ಲಿಕೋಟೆಯ ಸಾಮೂದಿರಿ ಸೇರಿ ಪೋರ್ಚುಗೀಸರ ಮೇಲೆ ಏಕಕಾಲಕ್ಕೆ ಏರಿಹೋದರು. ಗೋವೆಗೂ ಚೌಲಿಗೂ ಮುತ್ತಿಗೆ ಬಿತ್ತು. ಆ ಹೊತ್ತಿಗೆ ಸರಿಯಾಗಿ ಗೇರುಸೊಪ್ಪೆಯ ಸೈನ್ಯ ಹೊನ್ನಾವರದ ಕೋಟೆಯನ್ನು ಸುತ್ತುವರಿಯಿತು. ಕೋಟೆ ಬೀಳಲಿಲ್ಲ. ಆದರೆ ಆ ಕಾಲಜ್ಞಾನವನ್ನು ನೋಡಿ: ಎದುರಾಳಿಯ ಕೈ ಬೇರೆಡೆ ಕಟ್ಟಿಹೋದ ಗಳಿಗೆಯಲ್ಲಿ ಏಟು ಕೊಡುವುದು. ಶಾಸನಗಳಲ್ಲಿ, ಬಸದಿಗಳ ದಾನಪತ್ರಗಳಲ್ಲಿ ಧರ್ಮನಿಷ್ಠೆಯಾಗಿ ಕಾಣುವ ಅರಸಿ ಶತ್ರುವಿನ ಬರಹದಲ್ಲಿ ಚತುರ ರಾಜಕಾರಣಿಯಾಗಿ ಕಾಣುತ್ತಾಳೆ. ಎರಡನ್ನೂ ಒಟ್ಟಿಗೆ ಓದಿದಾಗಲೇ ಆಕೆ ಪೂರ್ತಿ ಕಾಣುವುದು.

ಹೊರ್ಮುಜ್ ಬಿದ್ದಾಗ ಇಕ್ಕೇರಿ ಎದ್ದದ್ದು

ನನ್ನ ಮಟ್ಟಿಗೆ ಈ ಇಡೀ ಕತೆಯ ಅತ್ಯಂತ ಬೆಳಕಿನ ಗಳಿಗೆ 1623. ಹಿಂದಿನ ವರ್ಷ ಪರ್ಷಿಯಾದ ಷಾ ಅಬ್ಬಾಸ್ ಇಂಗ್ಲಿಷ್ ಹಡಗುಗಳ ನೆರವಿನಿಂದ ಪೋರ್ಚುಗೀಸರ ಹೊರ್ಮುಜ್ ಕೋಟೆಯನ್ನು ಕಿತ್ತುಕೊಂಡಿದ್ದ. ಗೋವೆಯ ಬೊಕ್ಕಸಕ್ಕೂ ಮಾನಕ್ಕೂ ಬಿದ್ದ ದೊಡ್ಡ ಪೆಟ್ಟು ಅದು. ಇಕ್ಕೇರಿಯಲ್ಲಿ ಆಗ ವೆಂಕಟಪ್ಪ ನಾಯಕ. ಗೇರುಸೊಪ್ಪೆಯನ್ನು ನುಂಗಿ, ಪೋರ್ಚುಗೀಸರ ಮಿತ್ರನಾಗಿದ್ದ ಬಂಗ ಅರಸನ ನಾಡಿಗೂ ಕೈಹಾಕಿದ್ದ. ಮಾಮೂಲಿ ದಿನಗಳಲ್ಲಾಗಿದ್ದರೆ ಗೋವೆಯಿಂದ ಯುದ್ಧದ ಹಡಗು ಬರುತ್ತಿತ್ತು. ಈ ಸಲ ಬಂದದ್ದು ರಾಯಭಾರಿ.

ಆ ನಿಯೋಗದ ಜೊತೆ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ ಇದ್ದ. ಗೋವೆಯಿಂದ ಕಡಲ ದಾರಿಯಲ್ಲಿ ಹೊನ್ನಾವರ, ಅಲ್ಲಿಂದ ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆ, ಆಮೇಲೆ ಘಟ್ಟ ಹತ್ತಿ ಇಕ್ಕೇರಿ. ನಿಯೋಗದೊಡನೆ ವೆಂಕಟಪ್ಪನ ಕಡೆಯ ರಾಯಭಾರಿ ವಿಠಲ ಶೆಣೈ ಕೂಡ ಹಿಂತಿರುಗುತ್ತಿದ್ದ. ದೆಲ್ಲಾ ವಾಲ್ಲೆ ಅವನ ಹೆಸರನ್ನು ‘ವಿತುಲಾ ಸಿನಾಯ್’ ಎಂದು ಬರೆದ. ಗೋವೆಯ ದರಬಾರಿನಲ್ಲಿ ಕೂತು ಮಾತನಾಡಬಲ್ಲ, ಇಕ್ಕೇರಿಯ ಮನಸ್ಸನ್ನು ಅಲ್ಲಿಗೆ ಮುಟ್ಟಿಸಬಲ್ಲ ಇಂಥ ನಡುವಿನ ಮನುಷ್ಯರಿಲ್ಲದೆ ಈ ಪೈಪೋಟಿಯ ಒಂದು ಪುಟವೂ ನಡೆಯುತ್ತಿರಲಿಲ್ಲ. ಅವರ ಹೆಸರುಗಳು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಸಿಗುವುದಿಲ್ಲ. ವಿಠಲ ಶೆಣೈಯ ಬಗ್ಗೆ ಇನ್ನೂರು ಪುಟದ ಸಂಶೋಧನೆಯೊಂದು ಕನ್ನಡದಲ್ಲಿ ಬರಬೇಕೆಂದು ನಾನು ಬಯಸುತ್ತೇನೆ.

ಪೋರ್ಚುಗೀಸರಿಗೆ ಇಕ್ಕೇರಿಯ ಮೆಣಸು ಬೇಕು, ಬಂಗ ಅರಸನ ಮಾನವನ್ನೂ ಉಳಿಸಬೇಕು. ವೆಂಕಟಪ್ಪನಿಗೆ ಅವರ ದೌರ್ಬಲ್ಯ ಚೆನ್ನಾಗಿ ಗೊತ್ತು. ಹೊರ್ಮುಜಿನ ಸೋಲು ಘಟ್ಟದ ಮೇಲಿನ ಊರಿನ ಮಾತುಕತೆಯ ದನಿಯನ್ನೇ ಬದಲಿಸಿಬಿಟ್ಟದ್ದನ್ನು ದೆಲ್ಲಾ ವಾಲ್ಲೆಯ ಕಾಗದಗಳಲ್ಲಿ ಕಾಣಬಹುದು. ಅವನು ಯಾರ ಸಂಬಳವನ್ನೂ ತಿನ್ನುತ್ತಿರಲಿಲ್ಲ. ರಾಯಭಾರಿ ಮೇಲಿನವರಿಗೆ ಬರೆಯಲಾರದ್ದನ್ನು ಅವನು ಸ್ನೇಹಿತನಿಗೆ ಬರೆದ. ಸರಕಾರಿ ದಾಖಲೆಯ ಪಕ್ಕದಲ್ಲಿ ಇಂಥ ಖಾಸಗಿ ಪತ್ರವೊಂದು ಸಿಕ್ಕರೆ ಸಂಶೋಧಕನ ಭಾಗ್ಯ.

ಮುಂದೆ ಇಕ್ಕೇರಿಯ ಇದೇ ಕೆಳದಿ ಮನೆತನದ ಶಿವಪ್ಪ ನಾಯಕನೂ ಇದೇ ಜಾಣ್ಮೆಯಿಂದ ನಡೆದ. ಸಿಲೋನಿನಲ್ಲಿ ಡಚ್ಚರ ಜೊತೆ ಪೋರ್ಚುಗೀಸರು ಜೀವನ್ಮರಣದ ಹೋರಾಟದಲ್ಲಿ ತೊಡಗಿದ್ದಾಗ, 1652ರಿಂದ 1654ರೊಳಗೆ, ಗಂಗೊಳ್ಳಿ, ಬಸರೂರು, ಮಂಗಳೂರು, ಹೊನ್ನಾವರದ ಕೋಟೆಗಳು ಒಂದೊಂದಾಗಿ ಕೆಳದಿಯ ವಶವಾದವು. ಆಮೇಲೆ ಕೆಳದಿ ಡಚ್ಚರನ್ನು ಬಸರೂರಿನಲ್ಲಿ ವ್ಯಾಪಾರಕ್ಕೆ ಬಿಟ್ಟುಕೊಂಡಿತು. ಪೋರ್ಚುಗೀಸರ ಜೊತೆಗೂ 1671ರಲ್ಲಿ, 1678ರಲ್ಲಿ ಒಪ್ಪಂದ ಮಾಡಿಕೊಂಡಿತು. 1713ರಲ್ಲಿ ಪೋರ್ಚುಗೀಸ್ ನೌಕಾಪಡೆ ಕೆಳದಿಯ ಬಂದರುಗಳನ್ನು ಸುಟ್ಟಿತು. ಮರುವರ್ಷವೇ ಎರಡೂ ಕಡೆಯವರು ಮತ್ತೆ ಮಾತುಕತೆಗೆ ಕೂತರು, ಏಕೆಂದರೆ ಗೋವೆಗೆ ಅಕ್ಕಿ ಬೇಕಿತ್ತು, ಕೆಳದಿಗೆ ಗಿರಾಕಿ ಬೇಕಿತ್ತು. ಯುರೋಪಿನವರು ಇಲ್ಲಿಯ ಅರಸರನ್ನು ಕಾಯಿಗಳಂತೆ ನಡೆಸಿದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೆಳದಿ ಮೈಸೂರಿನ ಪಾಲಾದ 1763ರವರೆಗಿನ ಕಾಗದಗಳು ಹೇಳುವುದು ಬೇರೆಯದನ್ನೇ: ಎದುರಾಳಿಗಳು ಇಬ್ಬರಿರುವವರೆಗೆ ಘಟ್ಟದ ಅರಸನಿಗೆ ಬೆಲೆಯಿತ್ತು. ಒಬ್ಬನೇ ಉಳಿದಾಗ ಆ ಬೆಲೆ ಮುಗಿಯಿತು.

ಅದು ಮುಗಿದ ಬಗೆಯೂ ಹೊನ್ನಾವರದ ಕಾಗದಗಳಲ್ಲಿದೆ. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಹೊನ್ನಾವರದ ಕೋಟೆಯನ್ನು ಹಿಡಿದ, ಕೆಳದಿಯ ಹಳೆಯ ರಾಜಧಾನಿ ಬಿದನೂರಿಗೂ ಏರಿದ. ಟಿಪ್ಪು ಕೆಲವೇ ತಿಂಗಳಲ್ಲಿ ಬಿದನೂರನ್ನು ಹಿಂದೆ ಪಡೆದು ಮಂಗಳೂರಿಗೆ ಮುತ್ತಿಗೆ ಹಾಕಿದ; ಹೊನ್ನಾವರದಲ್ಲಿ ಕ್ಯಾಪ್ಟನ್ ಟೊರಿಯಾನೊ ಸಿಕ್ಕಿಬಿದ್ದ. ಮಂಗಳೂರಿನಲ್ಲಿ ಟಿಪ್ಪುವಿನ ಜೊತೆ ಫ್ರೆಂಚ್ ಪಡೆಯಿತ್ತು. ಅಷ್ಟರಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ವರ್ಸೇಯಲ್ಲಿ ಸಂಧಿಯಾಯಿತು. ಜನವರಿಯಲ್ಲಿ ಸಹಿಯಾದ ಕಾಗದದ ಸುದ್ದಿ ಮಳೆಗಾಲದಲ್ಲಿ ಕರಾವಳಿಗೆ ಮುಟ್ಟಿದೊಡನೆ ಫ್ರೆಂಚರು ಮುತ್ತಿಗೆಯ ನಡುವೆಯೇ ಹಿಂದೆ ಸರಿದರು. ಎಲ್ಲೋ ದೂರದಲ್ಲಿ ಇಬ್ಬರು ರಾಜರು ಕೈಕುಲುಕಿದ್ದಕ್ಕೆ ನೇತ್ರಾವತಿಯ ದಡದಲ್ಲಿ ತೋಪುಗಳು ಬಾಯಿ ಮುಚ್ಚಿದವು. ಟಿಪ್ಪು ಆ ಪಾಠವನ್ನು ಮರೆಯಲಿಲ್ಲ. ಆದರೂ ಕೊನೆಯವರೆಗೆ ಫ್ರೆಂಚರನ್ನೇ ನೆಚ್ಚಬೇಕಾದ ಇಕ್ಕಟ್ಟಿನಲ್ಲಿದ್ದ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದ ನಂತರವೇ ಟೊರಿಯಾನೊ ಹೊನ್ನಾವರ ಬಿಟ್ಟದ್ದು. ಆ ಮುತ್ತಿಗೆಯ ವಿವರವನ್ನು ಜೇಮ್ಸ್ ಫೋರ್ಬ್ಸ್ ತನ್ನ ‘ಓರಿಯೆಂಟಲ್ ಮೆಮಾಯ್ರ್ಸ್’ ಗ್ರಂಥದಲ್ಲಿ ಸೇರಿಸಿದ್ದಾನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಟಿಪ್ಪುವಿನ ಪತ್ರಗಳೆಂದು ನಾವು ಇಂದಿಗೂ ಓದುವುದು ಹೆಚ್ಚಾಗಿ 1811ರಲ್ಲಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಆರಿಸಿ ಇಂಗ್ಲಿಷಿಗೆ ತಂದ ಸಂಗ್ರಹವನ್ನು. ಫ್ರೆಂಚರ ಜೊತೆಗಿನ ಪತ್ರವ್ಯವಹಾರವನ್ನು ಶ್ರೀರಂಗಪಟ್ಟಣ ಬಿದ್ದ ವರ್ಷವೇ, 1799ರಲ್ಲೇ, ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಲಾಯಿತು. ಯುದ್ಧ ನ್ಯಾಯವೆಂದು ಲಂಡನ್ನಿಗೆ ತೋರಿಸುವುದೇ ಅದರ ಉದ್ದೇಶ. ಗೆದ್ದವರು ಆರಿಸಿದ ಕಾಗದ ಸುಳ್ಳೇ ಆಗಬೇಕೆಂದಿಲ್ಲ. ಆದರೆ ಆರಿಸದೆ ಬಿಟ್ಟದ್ದೇನು ಎಂದು ಕೇಳದೆ ಅದನ್ನು ಉಲ್ಲೇಖಿಸುವುದು ಸಂಶೋಧನೆಯಲ್ಲ.

ಯಾವ ಊರಿನಲ್ಲಿ ಯಾವ ಕಾಗದ

ಭಟ್ಕಳದ ಒಬ್ಬ ವಿದ್ಯಾರ್ಥಿ ಇವತ್ತು ಈ ಕೆಲಸಕ್ಕೆ ಇಳಿಯಬೇಕೆಂದರೆ ಮೊದಲು ಹೋಗಬೇಕಾದದ್ದು ಪಣಜಿಗೆ. ಕುಮಟೆಯಿಂದ ಬೆಂಗಳೂರಿಗಿಂತ ಪಣಜಿ ಹತ್ತಿರ. ಗೋವೆಯ ಪತ್ರಾಗಾರ 1595ರಲ್ಲಿ ಶುರುವಾಯಿತು. ಮೊದಲ ಪತ್ರಪಾಲಕ ಇತಿಹಾಸಕಾರ ದಿಯೊಗೊ ಡೊ ಕೌಟೊ. ಮಾನ್ಸೂನ್ ಗಾಳಿ ಹಿಡಿದು ಲಿಸ್ಬನ್ನಿಗೆ ಹೋಗಿಬರುತ್ತಿದ್ದ ಪತ್ರಗಳ ಕಟ್ಟುಗಳು ಅಲ್ಲಿವೆ. ನೆರೆಯ ಅರಸರ ಜೊತೆಗಿನ ಪತ್ರವ್ಯವಹಾರಕ್ಕೇ ಬೇರೆ ಪುಸ್ತಕಗಳಿವೆ. ಕೆಳದಿಗೆ ಹೋದ ಕಾಗದಗಳು ಸಿಗುವುದು ಅಲ್ಲಿ. ಗೋವೆಯಿಂದ ಕೇಳಿದ ಪ್ರಶ್ನೆಗೆ ಲಿಸ್ಬನ್ನಿನ ಉತ್ತರ ಬರಲು ಒಂದೂವರೆ, ಎರಡು ವರ್ಷ ಹಿಡಿಯುತ್ತಿತ್ತು. ಆದ್ದರಿಂದ ರಾಜನ ಆಜ್ಞೆ ಓದಿ ಇಲ್ಲಿ ಹಾಗೇ ನಡೆಯಿತು ಎಂದು ಬರೆಯುವಂತಿಲ್ಲ. ಆಜ್ಞೆ ತಲುಪುವ ಹೊತ್ತಿಗೆ ಸನ್ನಿವೇಶವೇ ಬೇರೆಯಾಗಿರುತ್ತಿತ್ತು. ಗೋವೆಯ ಆಡಳಿತ ಮಂಡಳಿಯ ನಿರ್ಣಯಗಳನ್ನು ಪಾಂಡುರಂಗ ಪಿಸ್ಸುರ್ಲೇಕರರು 1953ರಿಂದ 1957ರವರೆಗೆ ಐದು ಸಂಪುಟಗಳಲ್ಲಿ ಪ್ರಕಟಿಸಿದರು. ಆ ಒಬ್ಬ ಮನುಷ್ಯನ ದುಡಿಮೆಗೆ ಕರ್ನಾಟಕದ ಇತಿಹಾಸ ದೊಡ್ಡ ಋಣ ಹೊತ್ತಿದೆ. ಅವರ ದಾರಿಯಲ್ಲಿ ನಡೆದು ಬಿ. ಎಸ್. ಶಾಸ್ತ್ರಿಯವರು ಗೋವೆ ಮತ್ತು ಕೆನರಾದ ಸಂಬಂಧವನ್ನು ಪೋರ್ಚುಗೀಸ್ ಮೂಲಗಳಿಂದಲೇ ಬಿಡಿಸಿಟ್ಟರು.

ಪಣಜಿಯಲ್ಲಿ ಇರಬೇಕಾದ ಅರವತ್ತೆರಡು ಸಂಪುಟಗಳು ಹದಿನೆಂಟನೇ ಶತಮಾನದಲ್ಲೇ ಲಿಸ್ಬನ್ನಿಗೆ ಹೋದವು. ಈಗ ಅಲ್ಲಿಯ ತೊರೆ ಡೊ ತೊಂಬೊ ಪತ್ರಾಗಾರದಲ್ಲಿವೆ. ವ್ಯಾಪಾರದ ಲೆಕ್ಕವನ್ನೆಲ್ಲ ಇಟ್ಟುಕೊಂಡಿದ್ದ ಲಿಸ್ಬನ್ನಿನ ‘ಕಾಸಾ ದ ಇಂಡಿಯಾ’ 1755ರ ಭೂಕಂಪದಲ್ಲಿ ನಾಶವಾಯಿತು. ಹೊನ್ನಾವರದಿಂದ ಎಷ್ಟು ಮೆಣಸು ಹೋಯಿತೆಂದು ವರ್ಷವರ್ಷದ ಲೆಕ್ಕ ಸಿಗದಿರುವುದಕ್ಕೆ ಅಟ್ಲಾಂಟಿಕ್ ದಂಡೆಯ ಆ ಭೂಕಂಪವೂ ಒಂದು ಕಾರಣ. ಡಚ್ ಕಂಪನಿಯ ದಫ್ತರ ಹೇಗ್ ನಗರದಲ್ಲಿದೆ, ಅದರ ಕೊಚ್ಚಿಯ ಶಾಖೆಯ ಕಾಗದಗಳು ಚೆನ್ನೈನಲ್ಲಿವೆ. 1799ರ ನಂತರ ಕೆನರಾ ಮದ್ರಾಸಿಗೆ ಸೇರಿತು, 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಹೋಯಿತು. ಹಾಗಾಗಿ ನಮ್ಮ ಜಿಲ್ಲೆಯ ಹತ್ತೊಂಬತ್ತನೇ ಶತಮಾನ ಎರಡು ನಗರಗಳಲ್ಲಿ ಹಂಚಿಹೋಗಿದೆ. ಆ ವರ್ಗಾವಣೆಯ ಹಿಂದೆಯೂ ಜಾಗತಿಕ ಜಿದ್ದಿನ ನೆರಳಿತ್ತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ನಿಂತುಹೋಗುವ ಭಯದಲ್ಲಿ ಮ್ಯಾಂಚೆಸ್ಟರಿನ ಗಿರಣಿಗಳು ಧಾರವಾಡದ ಹತ್ತಿಯ ಕಡೆ ನೋಡಿದವು, ಆ ಹತ್ತಿ ಘಟ್ಟ ಇಳಿದು ಹಡಗೇರಿದ್ದು ಕುಮಟೆಯಲ್ಲಿ. ‘ಕುಮ್ಟಾ’ ಎಂಬುದು ಪೇಟೆಯಲ್ಲಿ ಒಂದು ಹತ್ತಿಯ ಜಾತಿಯ ಹೆಸರೇ ಆಗಿಹೋಯಿತು. 1880ರ ದಶಕದ ಕೊನೆಗೆ ಮರ್ಮಗೋವೆಗೆ ರೈಲು ಬಂತು. ಕುಮಟೆಯ ಬಂದರು ಮಂಕಾಯಿತು.

ಇಷ್ಟೆಲ್ಲ ಪರದೇಶಿ ಕಾಗದಗಳ ಎದುರಿಗೆ ಇಡಲು ನಮ್ಮದೇನಿದೆ? ಇದೆ. ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಕಡತಗಳಿವೆ. ಶೃಂಗೇರಿ ಮಠದ ಕಡತಗಳಲ್ಲಿ ಕೆಳದಿ ಅರಸರ ಪತ್ರಗಳಿವೆ, ಎ. ಕೆ. ಶಾಸ್ತ್ರಿಯವರು ಅವುಗಳನ್ನು ಸಂಪಾದಿಸಿ ಹೊರತಂದರು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಗುಂಡಾ ಜೋಯಿಸರು ಜೀವಮಾನವಿಡೀ ಕೂಡಿಟ್ಟ ಓಲೆಗಳೂ ಕಾಗದಗಳೂ ಇವೆ. 1800ರಲ್ಲಿ ಕೆನರಾದ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೊ ಇಂಥ ಹಳೆಯ ಲೆಕ್ಕದ ಕಡತಗಳನ್ನು ಆಧರಿಸಿಯೇ ಈ ನಾಡಿನ ಭೂಕಂದಾಯದ ಚರಿತ್ರೆಯನ್ನು ಮದ್ರಾಸಿಗೆ ಬರೆದ. ಮೆಣಸಿನ ಬಳ್ಳಿಯನ್ನು ಅಡಕೆ ಮರಕ್ಕೆ ಹಬ್ಬಿಸಿದ ತೋಟಿಗ, ಅದನ್ನು ಹೊತ್ತು ಘಟ್ಟ ಇಳಿದವನು, ಶರಾವತಿಯಲ್ಲಿ ದೋಣಿ ನಡೆಸಿದವನು ಪೋರ್ಚುಗೀಸ್ ಕಾಗದದಲ್ಲಿ ಹೆಸರಿಲ್ಲದವರು. ಅವರು ಎಲ್ಲಾದರೂ ಸಿಕ್ಕರೆ ಈ ಕಪ್ಪು ಬಟ್ಟೆಯ ಮಡಿಕೆಗಳಲ್ಲಿಯೇ ಸಿಕ್ಕಾರು.

ಕೊನೆಯ ಮಹಾಶಕ್ತಿಗಳು

ಪೋರ್ಚುಗೀಸರ ಜೊತೆ ಶುರುವಾದ ಈ ಕತೆ ಪೋರ್ಚುಗೀಸರ ಜೊತೆಯೇ ಮುಗಿದಾಗ ಮಹಾಶಕ್ತಿಗಳು ಬೇರೆಯಾಗಿದ್ದರು. 1961ರ ನವೆಂಬರ್ 17ರಂದು ಕಾರವಾರದ ಎದುರಿನ ಅಂಜದೀವ ದ್ವೀಪದಿಂದ ಪೋರ್ಚುಗೀಸರು ‘ಸಾಬರಮತಿ’ ಹಡಗಿನ ಮೇಲೆ ಗುಂಡು ಹಾರಿಸಿದರು. ಅದೇ ತಿಂಗಳು ಮೀನುಗಾರನೊಬ್ಬ ಗುಂಡಿಗೆ ಬಲಿಯಾದ. ಡಿಸೆಂಬರ್ 18ರಂದು ಭಾರತದ ಸೈನ್ಯ ಗೋವೆಯನ್ನು ಹೊಕ್ಕಿತು. ಅಂಜದೀವಕ್ಕೆ ನಮ್ಮ ನೌಕಾಪಡೆ ಇಳಿದಾಗ ಏಳು ಮಂದಿ ಪ್ರಾಣ ಕೊಟ್ಟರು. ಭದ್ರತಾ ಮಂಡಳಿಯಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇರಿ ಏಳು ದೇಶಗಳು ಭಾರತ ಹಿಂದೆ ಸರಿಯಬೇಕೆಂದವು. ನಾಲ್ಕು ದೇಶ ವಿರೋಧಿಸಿದವು. ಸೋವಿಯತ್ ಒಕ್ಕೂಟದ ವಿಟೋದಿಂದ ಆ ನಿರ್ಣಯ ಬಿದ್ದುಹೋಯಿತು. ಪೋರ್ಚುಗಲ್ ನ್ಯಾಟೋದ ಸ್ಥಾಪಕ ಸದಸ್ಯ ದೇಶ. ಹೀಗೆ 1502ರಲ್ಲಿ ಅಕ್ಕಿ ಕೇಳಿ ಬಂದವರ ವಂಶಸ್ಥರ ಕೊನೆಯ ಜಗಳ ಶೀತಲ ಸಮರದ ಜಗಳವೂ ಆಯಿತು.

ಈ ಘಟನೆಯ ಅಮೆರಿಕನ್ ತಂತಿಗಳು 1996ರಲ್ಲಿ ಅವರ ವಿದೇಶಾಂಗ ಇಲಾಖೆಯ ಪ್ರಕಟಣೆಯಾಗಿ ಬಂದಿವೆ. ಗೋವೆಯ ಗವರ್ನರನಿಗೆ ಕೊನೆಯವರೆಗೂ ಹೋರಾಡಿ ಸಾಯಿರಿ ಎಂದು ಡಿಸೆಂಬರ್ 14ರಂದು ಸಂದೇಶ ಕಳಿಸಿದ ಪೋರ್ಚುಗಲ್ಲಿನ ಪ್ರಧಾನಿ ಸಲಜಾರನ ಕಾಗದಗಳೂ ಲಿಸ್ಬನ್ನಿನಲ್ಲಿ ಸಂಶೋಧಕರಿಗೆ ತೆರೆದಿವೆ. ನಮ್ಮಲ್ಲಿ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಇದೆ; ಇಪ್ಪತ್ತೈದು ವರ್ಷ ದಾಟಿದ, ಕಾಯ್ದಿಡಬೇಕಾದ ಕಾಗದಗಳನ್ನು ಪತ್ರಾಗಾರಕ್ಕೆ ಒಪ್ಪಿಸಬೇಕು ಎನ್ನುತ್ತದೆ. ಆದರೆ ಇಲಾಖೆಗಳು ಒಪ್ಪಿಸುವುದು ನಿಧಾನ. ನಮ್ಮ ಕರಾವಳಿಯ ಬಗ್ಗೆ ನಮ್ಮದೇ ಸರಕಾರ ಏನು ಯೋಚಿಸಿತೆಂದು ತಿಳಿಯಲು ವಾಷಿಂಗ್ಟನ್ನಿನ ತಂತಿ ಓದಬೇಕಾದ ಸ್ಥಿತಿ ಇನ್ನೂ ಇರಬಾರದು.

ಎರಡು ಕೆಲಸ ಆಗಬೇಕು. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಪಣಜಿ, ಚೆನ್ನೈ, ಮುಂಬಯಿ, ಹೇಗ್, ಲಿಸ್ಬನ್ನುಗಳಲ್ಲಿರುವ ಕೆನರಾದ ಕಾಗದಗಳ ಡಿಜಿಟಲ್ ಪ್ರತಿಗಳನ್ನು ತರಿಸಿ ಕನ್ನಡದಲ್ಲಿ ಸೂಚಿ ಮಾಡಿಸಲಿ. ಭಟ್ಕಳದ ಅಂಜುಮನ್, ಹೊನ್ನಾವರದ ಎಸ್‌ಡಿಎಂ, ಕುಮಟೆಯ ಬಾಳಿಗಾ ಕಾಲೇಜುಗಳಿಂದ ವರ್ಷಕ್ಕೆ ಇಬ್ಬರಾದರೂ ವಿದ್ಯಾರ್ಥಿಗಳು ಪೋರ್ಚುಗೀಸ್ ಅಥವಾ ಡಚ್ ಕಲಿಯುವಂತೆ ವಿದ್ಯಾರ್ಥಿವೇತನ ಸಿಗಲಿ. ಗೋವೆ ಇಷ್ಟು ಹತ್ತಿರವಿರುವಾಗ ಅದು ಅಸಾಧ್ಯದ ಮಾತಲ್ಲ. ಓದುಗರಲ್ಲಿಯೂ ಒಂದು ವಿನಂತಿ: ನಿಮ್ಮ ಮನೆಯ ಅಟ್ಟದಲ್ಲಿ, ದೇವಸ್ಥಾನದ ಅಥವಾ ಮಸೀದಿಯ ಪೆಟ್ಟಿಗೆಯಲ್ಲಿ ಹಳೆಯ ಕಡತ, ಓಲೆ, ಮೋಡಿ ಅಕ್ಷರದ ಅಥವಾ ಪಾರ್ಸಿಯ ಕಾಗದ ಇದ್ದರೆ ಗುಜರಿಗೆ ಹಾಕಬೇಡಿ, ಹೊಳೆಗೆ ಬಿಡಬೇಡಿ. ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ತೋರಿಸಿ, ಫೋಟೊ ತೆಗೆಸಿ. ಮೂಲ ನಿಮ್ಮಲ್ಲೇ ಇರಲಿ, ಪ್ರತಿ ಪತ್ರಾಗಾರಕ್ಕೆ ಹೋಗಲಿ.